ಆಶೀರ್ವಾದದ ಕೈ, ಗೇರಿನ ಕೈ

ನಮ್ಮ ಅಪ್ಪನ ಬಲಗೈ ಅಪ್ಪನದಾಗಿರಲಿಲ್ಲ, ಭಕ್ತರದಾಗಿತ್ತು. ಮರಾಠಿ ಸೀಮೆಯ ಗಡಿ ಊರಾದ ಉಮರ್ಗಾದ ನಮ್ಮ ಗಲ್ಲಿಯಿಂದ ಹೊರಬಿದ್ದು ಬಸ್‌ಸ್ಟ್ಯಾಂಡ್ ಮುಟ್ಟುವಷ್ಟರಲ್ಲಿ ಆ ಕೈ ಎಷ್ಟು ಸಲ ಮೇಲೇಳುತ್ತಿತ್ತೋ ಲೆಕ್ಕವಿಲ್ಲ. ಪಾನ್ ಅಂಗಡಿಯವನು ಕತ್ತು ಬಾಗಿಸಿ ‘ಶರಣ್ರೀ ಅಪ್ಪಾರ’ ಎಂದರೆ ಕೈ ಮೇಲೆ. ಕಾಯಿಪಲ್ಯೆ ಮಾರುವಾಕೆ ಬುಟ್ಟಿ ಇಳಿಸಿ ‘ನಮಸ್ಕಾರ ಸ್ವಾಮೀ’ ಎಂದು ಮರಾಠಿಯಲ್ಲಿ ಹೇಳಿದರೂ ಕೈ ಮೇಲೆ. ನಾವು ಜಂಗಮರು. ಸುತ್ತಲಿನ ಹಳ್ಳಿಗಳಲ್ಲಿ ಹುಟ್ಟಿದ ಕೂಸಿಗೆ ಲಿಂಗ ಕಟ್ಟುವುದರಿಂದ ಹಿಡಿದು ಸತ್ತವರನ್ನು ಮಣ್ಣಿಗೆ ಕಳಿಸುವವರೆಗೆ ಎಲ್ಲದಕ್ಕೂ ಅಪ್ಪನೇ ಹೋಗಬೇಕು. ಊಟಕ್ಕೆ ಕೂತಾಗ ಯಾರಾದರೂ ಬಾಗಿಲಲ್ಲಿ ಶರಣು ಅಂದರೆ ಅಪ್ಪ ತುತ್ತನ್ನು ತಾಟಿಗೆ ಬಿಟ್ಟು, ಪುಂಡಿಪಲ್ಯೆ ಮೆತ್ತಿದ ಅದೇ ಕೈಯನ್ನು ಎತ್ತುತ್ತಿದ್ದರು. ಎಡಗೈ ಮಾತ್ರ ಎತ್ತುವ ಹಾಗಿರಲಿಲ್ಲ. ಅದು ನಮ್ಮ ಆಯಿಯ ಕಟ್ಟಪ್ಪಣೆ. ಆಯಿ ಅಂದರೆ ಅಪ್ಪನ ತಾಯಿ; ಆ ಮನೆಯ ಸರಕಾರ.

ಮನೆ ದೊಡ್ಡದೇನಲ್ಲ. ಮುಂದೆ ಪಡಸಾಲೆ, ಅಲ್ಲಿ ಬಂದ ಭಕ್ತರು ಅಪ್ಪನ ಪಾದ ತೊಳೆದು ತೀರ್ಥ ತೆಗೆದುಕೊಳ್ಳುವ ಮಣೆ. ಅದರ ಹಿಂದೆ ವಿಭೂತಿಯ ಘಮ ಎಂದೂ ಆರದ ಪೂಜೆಯ ಕೋಣೆ. ಅದರಾಚೆ ಅಡುಗೆ ಮನೆ. ಅಲ್ಲಿ ಅವ್ವ ರೊಟ್ಟಿ ಬಡಿಯುತ್ತ ಇಡೀ ಮನೆಯ ಮಾತನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದಳು, ಉತ್ತರ ಮಾತ್ರ ತನಗೆ ಬೇಕಾದಾಗ ಕೊಡುತ್ತಿದ್ದಳು. ಸಂಜೆಯ ಹೊತ್ತು ಪಡಸಾಲೆಯಲ್ಲಿ ಜಂಗಮರ ಹುಡುಗರು ಮಂತ್ರ ಕಲಿಯಲು ಬರುತ್ತಿದ್ದರು. ಉತ್ಸಾಹಕ್ಕೆ ಮೊದಲ ಸಾಲನ್ನೇ ಗಂಟಲು ಹರಿಯುವಂತೆ ಹಿಡಿದುಬಿಡುತ್ತಿದ್ದರು. ಅಪ್ಪ ಕೈ ಅಡ್ಡ ಹಿಡಿದು ನಿಲ್ಲಿಸುತ್ತಿದ್ದರು.

"ಈಗೇ ದನಿ ಎಲ್ಲಾ ಖರ್ಚ ಮಾಡಿದ್ರ ಮುಂದ ಏನ್ ಮಾಡ್ತೀರಿ? ಮುಂದ ಏರ ಅದ. ಉಸುರು ನೋಡಿ ದನಿ ಹಿಡೀರಿ."

ನಾನು ಹೆಣ್ಣು ಹುಡುಗಿ, ನನಗೆ ಆ ಪಾಠ ಇರಲಿಲ್ಲ. ಅಡುಗೆ ಮನೆಯ ಹೊಸ್ತಿಲ ಮೇಲೆ ಕೂತು ಶೇಂಗಾ ಸುಲಿಯುತ್ತ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದೆ. ಯಾರ ದನಿ ಎಲ್ಲಿ ಒಡೆಯುತ್ತದೆ ಎಂಬುದು ಅದು ಒಡೆಯುವ ಮೊದಲೇ ನನಗೆ ಗೊತ್ತಾಗುತ್ತಿತ್ತು. ಅದು ಯಾವ ಉಪಯೋಗಕ್ಕೆ ಬರುತ್ತದೆಂದು ಆಗ ನನಗೆ ಗೊತ್ತಿರಲಿಲ್ಲ.

ಉದಗೀರದ ಕಡೆಯ ಒಂದು ಮಠದವರು ತಮಗೆ ಹೊಸ ಗಾಡಿ ಬಂದಾಗ ಹಳೆಯ ಬಿಳಿ ಕಾರನ್ನು ಅಪ್ಪನಿಗೆ ಕೊಟ್ಟರು. ಹಳ್ಳಿ ತಿರುಗುವ ಸ್ವಾಮಿ, ಬಸ್ಸಿಗೆ ಕಾಯುತ್ತ ಮುಹೂರ್ತ ತಪ್ಪಿಸಿಕೊಳ್ಳಬಾರದು ಎಂದು. ಅದು ನಮ್ಮ ಗಲ್ಲಿಗೆ ಬಂದ ದಿನ ಆಯಿ ಅದರ ಹಣೆಗೆ, ಅಂದರೆ ಮುಂದಿನ ಗಾಜಿನ ಕೆಳಗೆ, ಮೂರು ಬೆರಳಿನ ವಿಭೂತಿ ಎಳೆದಳು. ಅಂಗಳದ ಗೋಡೆ ಒಡೆದು ಅದಕ್ಕೆ ಜಾಗ ಮಾಡಿದೆವು. ನಾಲ್ಕು ಗೇರಿನ ಗಾಡಿ. ಗೇರಿನ ಕೋಲು ಎರಡು ಸೀಟುಗಳ ನಡುವೆ ನೆಲದಿಂದ ಎದ್ದು ನಿಂತಿತ್ತು, ಅದರ ತಲೆಯ ಮೇಲಿನ ಅಂಕಿಗಳು ಮಠದವರ ಕೈಯಲ್ಲೇ ಸವೆದು ಹೋಗಿದ್ದವು. ಓಟ ತೋರಿಸುವ ಮುಳ್ಳು ಸೊನ್ನೆಯ ಮೇಲೆ ಮಲಗಿಬಿಟ್ಟಿತ್ತು. ಗಾಡಿ ಎಷ್ಟು ಓಡುತ್ತಿದೆ, ಎಷ್ಟು ದಣಿಯುತ್ತಿದೆ ಎಂಬುದನ್ನು ಕಿವಿಯಿಂದಲೇ ತಿಳಿಯಬೇಕು. ಅಪ್ಪ ಮಠದ ಬಯಲಿನಲ್ಲಿ ನಡೆಸಲು ಕಲಿತರು, ಚೆನ್ನಾಗಿಯೇ ಕಲಿತರು. ಬಯಲಿನಲ್ಲಿ ಭಕ್ತರು ಇರಲಿಲ್ಲ.

ತೊಂದರೆ ಶುರುವಾದದ್ದು ಮೊದಲ ಹಳ್ಳಿಯಲ್ಲಿ. ಹೆದ್ದಾರಿಯ ಮೇಲಿನ ತುರೋರಿ ಎಂಬ ಊರಿನ ಒಳಗೆ ಹೋದರೆ ಎರಡೂ ಬದಿಯಲ್ಲಿ ಜನ ಕೈ ಮುಗಿದು ನಿಂತಿರುತ್ತಾರೆ. ಅಪ್ಪನ ಬಲಗೈ ತಾನಾಗಿಯೇ ಸ್ಟೇರಿಂಗ್ ಬಿಟ್ಟು ಮೇಲೇಳುತ್ತದೆ. ಆಗ ಸ್ಟೇರಿಂಗ್ ಹಿಡಿಯುವವರು ಯಾರು? ಎಡಗೈ. ಎಡಗೈ ಸ್ಟೇರಿಂಗಿಗೆ ಬಂದರೆ ಗೇರು ಬದಲಿಸುವವರು ಯಾರು? ಯಾರೂ ಇಲ್ಲ. ಹೆದ್ದಾರಿಯ ಓಟಕ್ಕೆ ಹಾಕಿದ್ದ ಟಾಪ್ ಗೇರಿನಲ್ಲೇ ಗಾಡಿ ಎತ್ತಿನ ನಡಿಗೆಯಲ್ಲಿ ಊರೊಳಗೆ ಸಾಗುತ್ತಿತ್ತು. ಇಂಜಿನ್ನು ಗುಡುಗುಟ್ಟಿ, ಬಾಗಿಲುಗಳೆಲ್ಲ ಗಡಗಡ ನಡುಗಿ, ಕೊನೆಗೊಂದು ಸಲ ಎದೆಗೆ ಒದ್ದಂತೆ ಜಗ್ಗಿ ಬಂದ್ ಬೀಳುತ್ತಿತ್ತು. ಬೇರೆ ಯಾರ ಗಾಡಿ ಹೀಗೆ ನಿಂತರೂ ಜನ ನಕ್ಕಾರು. ನಮ್ಮ ಗಾಡಿ ನಿಂತರೆ ಅವರು ಅದಕ್ಕೆ ಬೇರೆಯೇ ಅರ್ಥ ಕಂಡುಕೊಂಡರು.

"ಯಪ್ಪಾ, ನಮ್ಮ ಬಾಗಲ ಮುಂದೇ ನಿಂತದ ನೋಡ್ರಿ! ಸ್ವಾಮಿಗಳ ಗಾಡಿ ಸುಮ್ನ ಎಲ್ಲಿ ಬೇಕಲ್ಲಿ ನಿಂದರ್ತದೇನು? ಒಳಗ ಬರ್ರಿ, ಹಾಲು ಕಾಸಿನಿ."

ಗಾಡಿ ನಿಂತ ಮನೆಗೆ ಆ ಊರಿನಲ್ಲಿ ಮರ್ಯಾದೆ ಹೆಚ್ಚಾಯಿತು. ಒಬ್ಬ ಪುಣ್ಯಾತ್ಮನಂತೂ ಮನೆ ಮುಂದಿನ ರಸ್ತೆಗೆ ಅಡ್ಡಲಾಗಿ ಮಣ್ಣಿನ ದಿಬ್ಬ ಮಾಡಿಸಿದ; ಗಾಡಿ ಅಲ್ಲಿ ನಿಧಾನವಾಗಿ, ಟಾಪ್ ಗೇರಿನಲ್ಲಿ ತಪ್ಪದೆ ಬಂದ್ ಬೀಳುತ್ತಿತ್ತು. ಅಪ್ಪ ಇಳಿದು ಹಾಲು ಕುಡಿಯಬೇಕು, ಪಾದ ಚಾಚಬೇಕು. ಅಷ್ಟರಲ್ಲಿ ಲೋಹಾರಾದ ಮದುವೆ ಮನೆಯಲ್ಲಿ ಅಕ್ಷತೆ ಹಿಡಿದವರ ಕೈ ಬೆವರುತ್ತಿತ್ತು. ಬಸ್ಸಿನ ಕಾಲದಲ್ಲಿ ಹೊತ್ತಿಗೆ ಸರಿಯಾಗಿ ಮುಟ್ಟುತ್ತಿದ್ದ ಸ್ವಾಮಿ, ಕಾರು ಬಂದ ಮೇಲೆ ತಡಮಾಡುವ ಸ್ವಾಮಿ ಎಂಬ ಹೆಸರು ತೆಗೆದುಕೊಂಡರು.

ನಾನು ಅಪ್ಪನ ಜೋಡಿ ಹೋಗುತ್ತಿದ್ದದ್ದು ಜೋಳಿಗೆ ಹಿಡಿದು ಕೂಡಲು. ಮುಂದಿನ ಎಡ ಸೀಟು ನನ್ನದು. ಒಂದು ದಿನ ಲೋಹಾರಾದ ಸಂತೆಯೊಳಗೆ ಗಾಡಿ ಎಂದಿನ ಹಾಗೆ ಗುಡುಗುಟ್ಟಲು ಹತ್ತಿತು. ಅಪ್ಪನ ಬಲಗೈ ಮೇಲೆ, ಎಡಗೈ ಸ್ಟೇರಿಂಗಿನಲ್ಲಿ. ಇಂಜಿನ್ನಿನ ದನಿ ಒಡೆಯುವುದು ನನಗೆ ಮೊದಲೇ ಕೇಳಿಸಿತು. ನಮ್ಮ ಪಡಸಾಲೆಯ ಹುಡುಗರ ದನಿ ಕೇಳಿಸುತ್ತಿದ್ದ ಹಾಗೆಯೇ. ನಾನು ಜೋಳಿಗೆ ಬಿಟ್ಟು ಗೇರಿನ ಕೋಲು ಹಿಡಿದೆ.

"ಅಪ್ಪಾ, ಒತ್ರಿ!"

ಅಪ್ಪ ಭಕ್ತರ ಕಡೆ ನಗುತ್ತಲೇ ಎಡಗಾಲಿನಿಂದ ಕ್ಲಚ್ ಒತ್ತಿದರು. ಗೇರು ಹಾಕುವುದು ನಾನು ದಿನಾ ನೋಡಿದ ಕೆಲಸ. ನಾನು ಕೋಲನ್ನು ನಾಲ್ಕರಿಂದ ಎಳೆದು ಎರಡಕ್ಕೆ ಹಾಕಿದೆ. "ಬಿಡ್ರಿ" ಎಂದೆ, ಬಿಟ್ಟರು. ಗುಡುಗು ನಿಂತಿತು. ನಡುಕ ನಿಂತಿತು. ಗಾಡಿ ಹಗೂರಕ್ಕೆ, ಸಲೀಸಾಗಿ, ಎಲ್ಲೂ ಬಂದ್ ಬೀಳದೆ ಸಂತೆ ದಾಟಿತು. ಹೊರಗೆ ಬಂದ ಮೇಲೆ ಅಪ್ಪ ನನ್ನ ಕಡೆ ನೋಡಿದ ನೋಟವನ್ನು ನಾನು ಇವತ್ತಿಗೂ ಯಾರ ಹೊಗಳಿಕೆಗೂ ಬಿಟ್ಟುಕೊಡುವುದಿಲ್ಲ.

"ಗಿರಿಜಾ, ಇನ್ನ ಮ್ಯಾಲೆ ಜೋಳಿಗಿ ಹಿಂದ ಇಡು. ಅದು ತಾನೇ ಕೂಡ್ತದ."

ಅಲ್ಲಿಂದ ನಾಲ್ಕು ವರ್ಷ ನಾನು ಸ್ವಾಮಿಗಳ ಗೇರು. ಅವರ ಬಲಗೈ ಭಕ್ತರಿಗೆ, ನನ್ನ ಬಲಗೈ ಕೋಲಿಗೆ. ಊರಿಗೆಲ್ಲ ಅಪ್ಪಣೆ ಕೊಡುವ ಅಪ್ಪನಿಗೆ ನಾನು ಅಪ್ಪಣೆ ಕೊಡುತ್ತಿದ್ದೆ: ಒತ್ರಿ, ಬಿಡ್ರಿ, ಎಕ್ಸಲೇಟರ್ ಸ್ವಲ್ಪ ಕೊಡ್ರಿ, ಸಾಕ್ರಿ. ಹೊರಗೆ ನಿಂತವರು ನನ್ನ ತುಟಿ ಆಡುವುದನ್ನು ನೋಡಿ, ‘ಸ್ವಾಮಿಗಳ ಮಗಳು ಗಾಡ್ಯಾಗೂ ಮಂತ್ರ ಬಿಡಂಗಿಲ್ಲ’ ಎಂದು ಹೊಗಳುತ್ತಿದ್ದರಂತೆ. ಮಂತ್ರವೇ ಅದು ನನಗೆ. ಇಂಜಿನ್ನು ಗುಡುಗಿದರೆ ಭಾರ ಹೆಚ್ಚಾಗಿದೆ, ಒಂದು ಗೇರು ಇಳಿಸು. ಕಿರುಚಿದರೆ ಕೈ ಖಾಲಿಯಾಗಿದೆ, ಒಂದು ಏರಿಸು. ಎರಡರ ನಡುವೆ ಒಂದು ತುಂಬಿದ ದನಿ ಇದೆ. ಅದರಲ್ಲಿ ಅವಸರ ಇಲ್ಲ, ಸಂಕಟ ಇಲ್ಲ. ಗಾಡಿಯನ್ನು ಆ ದನಿಯಲ್ಲಿ ಇಟ್ಟರೆ ಸೀಟಿನ ಕೆಳಗಿನ ನಡುಕವೂ ಬೆನ್ನಿಗೆ ಹಿತವಾಗುತ್ತದೆ. ಇಳಿಜಾರಿನಲ್ಲಿ ಬ್ರೇಕನ್ನು ಸುಡುವ ಬದಲು ಎರಡನೇ ಗೇರಿಗೆ ಹಾಕಿ ಬಿಟ್ಟರೆ ಇಂಜಿನ್ನೇ ಗಾಡಿಯನ್ನು ಹಿಂದಕ್ಕೆ ಜಗ್ಗಿ ಹಿಡಿಯುತ್ತದೆ ಎಂಬುದನ್ನು ನಾನು ಸಾಸ್ತೂರಿನ ಹಾದಿಯಲ್ಲಿ ಕಂಡುಕೊಂಡೆ. ಎಲ್ಲಕ್ಕಿಂತ ದೊಡ್ಡ ಸಂಗತಿ: ಏರಿಗೆ ಬೇಕಾದ ಗೇರನ್ನು ಏರಿನ ಬುಡದಲ್ಲೇ ಹಾಕಬೇಕು, ನಡುವೆ ಅಲ್ಲ. ನಡುವೆ ಕ್ಲಚ್ ಒತ್ತಿದರೆ ಆ ಒಂದು ಗಳಿಗೆ ಇಂಜಿನ್ನಿಗೂ ಗಾಲಿಗೂ ಸಂಬಂಧ ಕಡಿದು, ಗಾಡಿ ತನ್ನ ಓಟವನ್ನೆಲ್ಲ ಕಳೆದುಕೊಳ್ಳುತ್ತದೆ. ಅಪ್ಪ ಮತ್ತೆ ಹೊತ್ತಿಗೆ ಸರಿಯಾಗಿ ಮುಟ್ಟುವ ಸ್ವಾಮಿಯಾದರು. ಮಣ್ಣಿನ ದಿಬ್ಬದ ಪುಣ್ಯಾತ್ಮ ಮಾತ್ರ ಬಹಳ ನೊಂದುಕೊಂಡ.

ಆ ಸುಖಕ್ಕೆ ಆಯಿ ಒಂದೇ ಮಾತಿನಲ್ಲಿ ಬಾಗಿಲು ಹಾಕಿದಳು. ನಾನು ದೊಡ್ಡವಳಾದೆ. ನೀರು ಹಾಕಿ, ಹೊಸ ಸೀರೆ ಉಡಿಸಿ, ಆರತಿ ಎತ್ತಿದರು. ಮರುವಾರ ನಿಲಂಗಾಕ್ಕೆ ಹೊರಟಾಗ ನಾನು ಮುಂದಿನ ಬಾಗಿಲು ತೆಗೆದೆ. ಆಯಿ ಅಂಗಳದಲ್ಲೇ ಊರುಗೋಲು ಅಡ್ಡ ಹಿಡಿದಳು.

"ಹಿಂದ ಕೂಡು. ಇನ್ನ ಮುಂದಿನ ಸೀಟು ಶಿವಯ್ಯನದು."

"ಆಯೀ, ಅಣ್ಣಗ ಗೇರ್ ಗೊತ್ತಿಲ್ರಿ."

"ಗಂಡಸಮಗಾ, ಕಲೀತಾನ. ಭಕ್ತರು ಮುಂದಿನ ಸೀಟಿಗೇ ಕೈ ಮುಗೀತಾರ. ಬೆಳದ ಹುಡುಗಿ ಅಲ್ಲಿ ಕುಂತ್ರ ಅವರು ಯಾರಿಗೆ ಶರಣು ಮಾಡ್ಬೇಕು, ನಿನಗೋ ನಿಮ್ಮಪ್ಪಗೋ?"

ಅಪ್ಪ ತಾಯಿಯ ಮಾತು ಮೀರುವವರಲ್ಲ. ನಾನು ಹಿಂದೆ ಕೂತೆ. ನನಗಿಂತ ಎರಡು ವರ್ಷ ದೊಡ್ಡವನಾದ ಶಿವಯ್ಯ ಅಣ್ಣ ಕೆಟ್ಟವನಲ್ಲ, ನನ್ನನ್ನು ಕಂಡರೆ ಪ್ರೀತಿ. ಆದರೆ ಅವನು ಗೇರನ್ನು ಕಣ್ಣಿನಿಂದ ಹಾಕುತ್ತಿದ್ದ. ರಸ್ತೆ ನುಣುಪಾಗಿ ಕಂಡರೆ ನಾಲ್ಕು, ತಗ್ಗು ಕಂಡರೆ ಎರಡು. ಇಂಜಿನ್ನು ಏನು ಹೇಳುತ್ತಿದೆ ಎಂಬುದು ಅವನಿಗೆ ಸಂಬಂಧವೇ ಇಲ್ಲ. ಏರು ಬಂದರೆ ಎರಡರಲ್ಲಿ ಜೋರಾಗಿ ನುಗ್ಗಿ, ನಡುವೆ ಗಾಡಿ ಸೋತಾಗ ಒಂದಕ್ಕೆ ತಡಕಾಡುವುದು. ನಾನು ಹಿಂದಿನ ಸೀಟಿನಲ್ಲಿ ಹಲ್ಲು ಕಚ್ಚಿ ಕೂಡುತ್ತಿದ್ದೆ. ನನ್ನ ಎದುರಿಗೆ ಯಾರೋ ನನ್ನ ಜೀವದ ಗೆಳತಿಗೆ ಬೈಯುತ್ತಿದ್ದ ಹಾಗೆ ಆಗುತ್ತಿತ್ತು. ಬಾಯಿ ತಡೆಯದೆ ‘ಮೂರು, ಮೂರು’ ಎಂದರೆ ಅಣ್ಣ ತಿರುಗಿ ನೋಡುತ್ತಿದ್ದ. ರಾತ್ರಿ ಊಟಕ್ಕೆ ಕೂತಾಗ ಜಗಳ ರೊಟ್ಟಿಗಿಂತ ಬಿಸಿಯಾಗಿ ಬರುತ್ತಿತ್ತು.

"ಹಿಂದ ಕುಂತು ಕಿರಕಿರಿ ಹಚ್ಚತಾಳ್ರಿ ಇಕಿ. ನಾ ಗೇರ್ ಹಾಕ್ಲೋ, ಇಕಿ ಮಾತು ಕೇಳ್ಲೋ?"

"ನನ್ನ ಮಾತು ಕೇಳಬ್ಯಾಡೋ. ಇಂಜಿನ್ ಮಾತು ಕೇಳು."

"ಬಾಯಿ ಮುಚ್ಚಿ ಉಣ್ರಿ," ಎಂದಳು ಆಯಿ. "ಇನ್ನ ಗಾಡ್ಯಾಗ ಗಿರಿಜಾ ಮಾತಾಡೂದು ಬಂದ್."

ಅದೂ ಬಂದ್ ಆಯಿತು. ಹೀಗೆ ಕೆಲವು ವರ್ಷ ಕಳೆದವು. ಗಾಡಿ ಮತ್ತೆ ಹಳ್ಳಿಹಳ್ಳಿಯಲ್ಲಿ ನಿಲ್ಲಲು ಹತ್ತಿತು, ಕ್ಲಚ್ ಸುಟ್ಟ ವಾಸನೆ ಅಪ್ಪನ ಮಡಿಬಟ್ಟೆಗೂ ಹತ್ತಿತು. ಏರು ಬಂದರೆ ಭಕ್ತರು ದೂಡುತ್ತಿದ್ದರು. ದೂಡುವುದನ್ನೂ ಅವರು ಸೇವೆ ಎಂದುಕೊಂಡರು. ದೂಡುವ ಅಗತ್ಯ ಇಲ್ಲದ ಕಡೆಯೂ ಓಡಿ ಬಂದು ‘ಹರಹರ ಮಹಾದೇವ’ ಎಂದು ಹೆಗಲು ಕೊಡುತ್ತಿದ್ದರು. ನಾನು ಹನ್ನೆರಡನೇ ಕ್ಲಾಸು ಮುಗಿಸಿ ಮನೆಯಲ್ಲಿದ್ದ ವರ್ಷ ಅಪ್ಪ ಸೋತು ಹೇಳಿಬಿಟ್ಟರು.

"ಎಳ್ಳಮಾಸ ಆದ ಮ್ಯಾಲೆ ಗಾಡಿ ಮಠಕ್ಕ ವಾಪಸ್ ಕೊಟ್ಟುಬಿಡ್ತೀನಿ. ವಯಸ್ಸಾಗ್ಯದ ಅದಕ್ಕ, ಜಗ್ಗಂಗಿಲ್ಲ."

ನನಗೆ ಅಳು ಬಂತು. ಗಾಡಿಗೆ ವಯಸ್ಸಾಗಿರಲಿಲ್ಲ, ಅದರ ಮಾತನ್ನು ಕೇಳುವವರು ಇರಲಿಲ್ಲ. ಅದು ಹೋದರೆ ನಾನು ಮನೆಯಲ್ಲಿ ರೊಟ್ಟಿ ಬಡಿಯುತ್ತ ಯಾರದೋ ಮನೆಗೆ ಹೋಗುವ ದಿನ ಕಾಯುವವಳು. ಅದು ಉಳಿದರೆ ನಾನು ಬೇರೆ ಏನೋ. ಆ ಬೇರೆ ಏನು ಎಂಬುದು ನನಗೆ ಸ್ಪಷ್ಟವಿತ್ತು: ನನಗೆ ಈಗ ಎಡ ಸೀಟು ಸಾಲದು, ಸ್ಟೇರಿಂಗೇ ಬೇಕು. ಊಟಕ್ಕೆ ಕೂತಾಗ ಅದನ್ನು ಬಾಯಿ ಬಿಟ್ಟು ಹೇಳಿದೆ. ಆಯಿ ಬಾಯಿ ತೆಗೆಯುವ ಮೊದಲೇ ಒಲೆಯ ಮುಂದಿನಿಂದ ಅವ್ವ ಮಾತಾಡಿದಳು.

"ಕಲೀಲಿ ಬಿಡ್ರಿ. ಗಾಡಿ ಹ್ಯಾಂಗೂ ಹೋಗೂದದ. ಹದಿನೆಂಟು ತುಂಬ್ಯಾವ ಅಕಿಗೆ. ಇದ್ದಷ್ಟು ದಿನ ಹೊಲದಾಗರ ನಡಸ್ಲಿ."

ಆಯಿ ರೊಟ್ಟಿ ಮುರಿದಳು. ಅವ್ವ ಅಪರೂಪಕ್ಕೆ ಕೇಳಿದ್ದು, ತೆಗೆದುಹಾಕುವುದು ಅವಳಿಗೂ ಕಷ್ಟ.

"ಹೊಲದಾಗ ಬೇಕಾದಂಗ ತಿರಗಸ್ಲಿ. ಡಾಂಬರ್ ರಸ್ತೆಕ್ಕ ಮಾತ್ರ ಅಕಿ ಕೈಯಾಗ ಗಾಡಿ ಬರಬಾರದು. ಹೇಳೀನಿ."

ಅಪ್ಪ ನನ್ನ ಹೆಸರಿನಲ್ಲಿ ಕಲಿಯುವವರ ಲೈಸನ್ಸ್ ಮಾಡಿಸಿದರು. ಊರ ಹೊರಗೆ ಸೋಯಾಬೀನ್ ತೆಗೆದ ಖಾಲಿ ಹೊಲದವರೆಗೆ ಅವರೇ ಗಾಡಿ ತರುತ್ತಿದ್ದರು, ಅಲ್ಲಿ ನನಗೆ ಬಿಟ್ಟುಕೊಡುತ್ತಿದ್ದರು. ಗೇರು ನನಗೆ ಗೊತ್ತಿತ್ತು. ಕಾಲು ಮಾತ್ರ ಕಲಿಯಬೇಕಿತ್ತು. ಕಾಲಿಗೂ ಕಿವಿಯೇ ಪಾಠ ಹೇಳಿತು. ಎಕ್ಸಲೇಟರ್ ಎಷ್ಟು ಒತ್ತಬೇಕು ಎಂಬುದು ಕಾಲಿನ ವಿಷಯ ಅಲ್ಲವೇ ಅಲ್ಲ. ದನಿ ತುಂಬುವವರೆಗೆ ಒತ್ತಬೇಕು, ತುಂಬಿದ ಮೇಲೆ ಅಲ್ಲೇ ಹಿಡಿಯಬೇಕು. ನಾನು ಎರೆಯ ಹೆಂಟೆಗಳ ಮೇಲೆ ಗಾಡಿ ಆಡಿಸುವಾಗ ಅಪ್ಪ ಬದುವಿನ ಮೇಲೆ ಕೂತು ಜಪ ಮಾಡುತ್ತಿದ್ದರು, ಒಂದು ಕಣ್ಣು ಮಾತ್ರ ತೆರೆದಿರುತ್ತಿತ್ತು.

ಎಳ್ಳಮಾಸ ಬಂತು. ನಮ್ಮ ಸೀಮೆಯಲ್ಲಿ ಆ ಅಮಾವಾಸ್ಯೆಗೆ ಊರುಗಳು ಖಾಲಿ, ಹೊಲಗಳು ತುಂಬ. ಜೋಳದ ದಂಟಿನ ಕೊಂಪೆ ಕಟ್ಟಿ, ಪೂಜೆ ಮಾಡಿ, ಮನೆಮಂದಿಯೆಲ್ಲ ಬೆಳೆಯ ನಡುವೆ ಕೂತು ಹಸಿ ಕಾಳು, ಸೊಪ್ಪು ಕೂಡಿಸಿ ಕುದಿಸಿದ ಬಜ್ಜಿ, ಸಜ್ಜೆ ರೊಟ್ಟಿ, ಅಂಬಲಿ ಉಣ್ಣುತ್ತಾರೆ. ಮೊದಲ ಬಟ್ಟಲು ಅಂಬಲಿ ಜಂಗಮನಿಗೆ. ನಿಲಂಗಾ ರಸ್ತೆಯಿಂದ ಒಳಗೆ ಒಂದು ಹಳ್ಳದ ಆಚೆ ಬಾಬುರಾವ ಕಾಕಾನ ಹೊಲ. ನಮ್ಮ ಮನೆಯ ಹಳೆಯ ಭಕ್ತ, ಮರಾಠಿ ಮಾತಾಡುವವ. ಸ್ವಾಮಿ ಬಂದು ಬಟ್ಟಲು ಮುಟ್ಟುವವರೆಗೆ ಅವನ ಮನೆಯ ಮಕ್ಕಳೂ ಬಾಯಿಗೆ ಏನೂ ಹಾಕುವಂತಿಲ್ಲ. ನಾವು ಐದೂ ಮಂದಿ ಹೊರಟೆವು. ಅಪ್ಪ ಸ್ಟೇರಿಂಗಿನಲ್ಲಿ, ಅಣ್ಣ ಗೇರಿನಲ್ಲಿ, ಹಿಂದೆ ಅವ್ವ, ನಾನು, ಮತ್ತು ತೊಡೆಯ ಮೇಲೆ ಬಜ್ಜಿಯ ಬೋಗುಣಿ ಇಟ್ಟುಕೊಂಡ ಆಯಿ.

ಡಾಂಬರು ಬಿಟ್ಟು ಹೊಲದ ಹಾದಿಗೆ ಇಳಿದೆವು. ಹಳ್ಳದಲ್ಲಿ ನೀರಿರಲಿಲ್ಲ, ಗಟ್ಟಿ ಮರಳು. ಆಚೆ ದಡ ಮಾತ್ರ ನೆಟ್ಟಗೆ ಎದ್ದು ನಿಂತಿತ್ತು. ಅಣ್ಣ ಎರಡು ಹಾಕಿದ, ಅಪ್ಪ ನುಗ್ಗಿಸಿದರು. ಅರ್ಧ ದಡದಲ್ಲಿ ಇಂಜಿನ್ನು ಗುಡುಗಿತು, ಅವನು ಒಂದನ್ನು ತಡಕಾಡಿದ, ಗಾಡಿ ಬಂದ್ ಬಿದ್ದು ಹಿಂದೆ ಜಾರಿತು. ಮತ್ತೆ ಮಾಡಿದರು, ಮತ್ತೆ ಜಾರಿತು. ಸುತ್ತಲಿನ ಹೊಲಗಳಲ್ಲಿ ಕೂತವರು ಎದ್ದು ನಿಂತರು. ಸ್ವಾಮಿಗಳ ಗಾಡಿ ದೂಡುವ ಪುಣ್ಯ ಸಿಕ್ಕಿತೆಂದು ಗಂಡಸರು ಧೋತರ ಎತ್ತಿ ಕಟ್ಟಿ ಓಡಿ ಬಂದರು. ಹರಹರ ಮಹಾದೇವ ಎಂದು ಹೆಗಲು ಕೊಟ್ಟರು. ಆ ಘೋಷ ಕೇಳಿದ್ದೇ ತಡ, ಅಪ್ಪನ ಬಲಗೈ ಕಿಟಕಿಯಿಂದ ಹೊರಗೆ ಹೋಗಿ ಆಶೀರ್ವಾದಕ್ಕೆ ನಿಂತಿತು. ಸ್ಟೇರಿಂಗು ವಾಲಿತು, ಮುಂದಿನ ಗಾಲಿ ಕೊರಕಲಿಗೆ ಹೊರಳಿತು, ಗಾಡಿ ಇನ್ನೊಮ್ಮೆ ಬಂದ್ ಬಿತ್ತು. ಬೆವರು ಇಳಿಯುತ್ತಿದ್ದ ಅಪ್ಪನ ಮುಖದಲ್ಲಿ ನಾನು ಹಿಂದೆಂದೂ ಕಾಣದ ನಾಚಿಕೆ ಕಂಡೆ. ಆಚೆ ದಡದಾಚೆ ಹಸಿದ ಮಕ್ಕಳು ಕಾಯುತ್ತಿದ್ದವು.

"ಆತು, ಇಲ್ಲಿಂದ ನಡಕೊಂತ ಹೋಗೂನು," ಎಂದರು ಅಪ್ಪ. "ನಾಳೆ ಮಠಕ್ಕ ಹೇಳಿ ಕಳಸ್ತೀನಿ, ಒಯ್ಯಲಿ."

"ನನ್ನ ಮಣಕಾಲಿಗೆ ಈ ದಡ ಏರೂದಾಗಂಗಿಲ್ಲೋ," ಎಂದಳು ಆಯಿ.

ನಾನು ಇಳಿದು ಮುಂದಿನ ಬಾಗಿಲ ಹತ್ತಿರ ಹೋಗಿ ನಿಂತೆ.

"ಅಪ್ಪಾ, ನೀವು ಹಿಂದ ಕೂಡ್ರಿ. ನಾ ನಡಸ್ತೀನಿ."

"ಏ ಹುಡುಗಿ!" ಬೋಗುಣಿಯ ಹಿಂದಿನಿಂದ ಆಯಿ ಗುಡುಗಿದಳು. "ನಾ ಏನ್ ಹೇಳಿದ್ದೆ?"

"ಹೊಲದಾಗ ನಡಸು ಅಂದಿದ್ರಿ ಆಯೀ. ಇದು ಹೊಲಾ ಅಲ್ಲೇನ್ರಿ?"

ಆಯಿ ಎಡಕ್ಕೆ ನೋಡಿದಳು, ಜೋಳ. ಬಲಕ್ಕೆ ನೋಡಿದಳು, ಕಡಲೆ. ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ನಗು ತಡೆದಳು. ಅಪ್ಪ ಇಳಿದು ಹಿಂದಿನ ಬಲ ಕಿಟಕಿಯ ಬದಿಗೆ ಹೋಗಿ ಕೂತರು. ಅಣ್ಣ ತಾನಾಗಿಯೇ ಇಳಿದ, ಭಾರ ಕಡಿಮೆಯಾಗಲಿ ಎಂದು. ನಾನು ದೂಡಲು ನಿಂತವರಿಗೆ ಕೈ ಮುಗಿದೆ.

"ಯಾರೂ ದೂಡಬ್ಯಾಡ್ರಿ. ಬಾಜೂಕ್ಕ ನಿಂದರ್ರಿ."

ಪುಣ್ಯ ಕೈತಪ್ಪಿದವರ ಮುಖ ಬಾಡಿದವು. ನಾನು ಗಾಡಿಯನ್ನು ರಿವರ್ಸಿನಲ್ಲಿ ಹಳ್ಳದ ತಳದವರೆಗೆ, ಮರಳು ಸಮವಾಗಿದ್ದ ಕಡೆಗೆ ತಂದೆ. ಎಲ್ಲರೂ ಎರಡರಲ್ಲಿ ನುಗ್ಗಿ ನೋಡಿದ್ದರು. ಈ ದಡ ಎರಡರ ದಡವಲ್ಲ. ಬುಡಕ್ಕೆ ಬರುವ ಮೊದಲೇ ಒಂದು ಹಾಕಿದೆ. ಕ್ಲಚ್ ನಿಧಾನಕ್ಕೆ ಪೂರ್ತಿ ಬಿಟ್ಟೆ, ದನಿ ತುಂಬುವವರೆಗೆ ಎಕ್ಸಲೇಟರ್ ಕೊಟ್ಟೆ, ಕಾಲನ್ನು ಅಲ್ಲಿಯೇ ನಿಲ್ಲಿಸಿದೆ. ಗಾಡಿ ಮೂಗು ಎತ್ತಿತು. ಗಾಜಿನಲ್ಲಿ ಬರೀ ಆಕಾಶ. ಓಟ ಇಲ್ಲ, ನುಗ್ಗಾಟ ಇಲ್ಲ, ಬರೀ ಏರುವುದು. ಗಾಡಿ ಎತ್ತರದ ದನಿಯಲ್ಲಿ ದುಡಿಯುತ್ತಿತ್ತು. ಅಷ್ಟು ದೊಡ್ಡ ಸಪ್ಪಳವನ್ನು ನಮ್ಮ ಮನೆಯವರು ಆ ಗಾಡಿಯಿಂದ ಕೇಳಿರಲಿಲ್ಲ.

"ಒದರಲಕತ್ತದ ಅದು! ಒಡೀತದ!" ಎಂದಳು ಆಯಿ.

"ಒಡ್ಯಂಗಿಲ್ರಿ. ದುಡೀಲಕತ್ತದ."

ಅರ್ಧ ದಡದಲ್ಲಿ ಕೊರಕಲು ಬಂತು. ಗಾಲಿ ಇಳಿಯಿತು, ದನಿ ಒಂದು ಎಳೆ ಕುಸಿಯಿತು. ಆಯಿ ಸೀಟಿನ ಬೆನ್ನು ಗುದ್ದಿದಳು.

"ಗೇರ್ ಹಾಕ! ಎಲ್ಲಾರೂ ಇಲ್ಲೇ ಗೇರ್ ಹಾಕ್ತಾರ!"

"ಎಲ್ಲಾರೂ ಇಲ್ಲೇ ನಿಂದರ್ತಾರ್ರೀ ಆಯೀ!"

ಕೋಲನ್ನು ಮುಟ್ಟಲಿಲ್ಲ. ಕಾಲು ಕೂದಲೆಳೆಯಷ್ಟು ಒತ್ತಿದೆ. ಕುಸಿದ ದನಿ ಎದ್ದಿತು, ತುಂಬಿತು, ಗಾಲಿ ಕೊರಕಲಿನಿಂದ ಹತ್ತಿ ಬಂತು. ಆಮೇಲೆ ಗಾಜಿನಲ್ಲಿ ಆಕಾಶ ಕೆಳಗೆ ಜಾರಿ ಜೋಳದ ತೆನೆಗಳು ಕಂಡವು, ತೆನೆಗಳ ಕೆಳಗೆ ಜನ, ಜನರ ತೆರೆದ ಬಾಯಿಗಳು. ದಡ ನಮ್ಮ ಹಿಂದಿತ್ತು. ಎರಡು ಹಾಕಿದೆ, ಹಾದಿ ಸಮವಾದ ಮೇಲೆ ಮೂರು. ನನ್ನ ಎದೆಯೊಳಗೆ ಆಗ ಏನಾಯಿತೋ ಅದಕ್ಕೆ ಸಂತೋಷ ಎಂಬ ಮಾತು ಚಿಕ್ಕದು. ನಾನು ಗೆದ್ದಿದ್ದೆ, ಗಾಡಿಯನ್ನೂ ಗೆಲ್ಲಿಸಿದ್ದೆ. ಹೊಲದ ಬದುಗಳ ಮೇಲೆ ಜನ ಓಡುತ್ತ ಬಂದು ಕೈ ಮುಗಿಯುತ್ತಿದ್ದರು. ಹಿಂದಿನ ಕಿಟಕಿಯಿಂದ ಅಪ್ಪನ ಬಲಗೈ ಪೂರ್ತಿ, ಮೊಳಕೈಯವರೆಗೆ, ಹೊರಗೆ ಬಂದಿತ್ತು. ಇಷ್ಟು ವರ್ಷಗಳಲ್ಲಿ ಮೊದಲ ಸಲ ಅವಸರವಿಲ್ಲದೆ ಆಶೀರ್ವಾದ ಮಾಡುತ್ತಿದ್ದರು. ಕನ್ನಡಿಯಲ್ಲಿ ನೋಡಿದರೆ ಅವರ ಕಣ್ಣು ಒದ್ದೆಯಾಗಿದ್ದವು.

"ಆಲೀ, ಆಲೀ! ಗಾಡಿ ಆಲೀ!" ಬಂತು ಬಂತು ಎಂದು ಕೂಗುತ್ತ ಬಾಬುರಾವ ಕಾಕಾನ ಮಕ್ಕಳು ಮುಂದೆ ಓಡಿದವು. ಕಾಕಾ ಕೊಂಪೆಯಿಂದ ಹೊರಬಂದು, ವರ್ಷಗಳ ರೂಢಿಯಂತೆ ಕಣ್ಣು ಮುಚ್ಚಿ, ಸ್ಟೇರಿಂಗಿನ ಸೀಟಿಗೆ ನಡು ಬಾಗಿಸಿ ಶರಣು ಮಾಡಿಯೇಬಿಟ್ಟ. ಆಯಿ ಯಾವುದಕ್ಕೆ ಹೆದರಿದ್ದಳೋ ಅದೇ ಆಯಿತು. ಅವನು ಕಣ್ಣು ತೆರೆದರೆ ಎದುರಿಗೆ ನಾನು. ಅವನು ಹೊಲವೆಲ್ಲ ಕೇಳುವಂತೆ ನಕ್ಕ. ಹಿಂದಿನ ಕಿಟಕಿಗೆ ಹೋಗಿ ಅಪ್ಪನಿಗೆ ಇನ್ನೊಮ್ಮೆ ಬಾಗಿದ. ಅಲ್ಲಿಂದ ಆಯಿಯ ಕಡೆ ಹೋಗಿ, ಅವಳ ಬೋಗುಣಿ ಇಳಿಸಿಕೊಂಡು, ನನಗೆ ಇವತ್ತಿಗೂ ನಗು ಬರುವಂಥ ಮಾತು ಹೇಳಿದ.

"ಆಯೀ, ಧಕ್ಕಾ ಇಲ್ದೇ ಗಾಡಿ ಬಂತು! ನಾತ ಚಾಂಗಲೀ ತಯಾರ ಕೇಲೀತ ತುಮ್ಹೀ!"

ಯಾರೂ ದೂಡದೆ ಗಾಡಿ ಬಂತು, ಮೊಮ್ಮಗಳನ್ನು ನೀವು ಬಲು ಚೆನ್ನಾಗಿ ತಯಾರು ಮಾಡಿದ್ದೀರಿ ಎಂದು. ನಾನು, ಅವ್ವ, ಅಪ್ಪ, ಏದುಸಿರು ಬಿಡುತ್ತ ದಡ ಹತ್ತಿ ಬಂದ ಅಣ್ಣ, ಎಲ್ಲರೂ ಆಯಿಯ ಬಾಯಿ ನೋಡಿದೆವು. ಆಯಿ ಸೀರೆಯ ನೆರಿಗೆ ಸರಿಮಾಡಿಕೊಂಡಳು.

"ಹೂಂ," ಎಂದಳು. "ಭಾಳ ತ್ರಾಸ ತೊಗೊಂಡೀನಿ."

ಅಂಬಲಿಯ ಮೊದಲ ಬಟ್ಟಲು ಅಪ್ಪ ಮುಟ್ಟಿದರು, ಮಕ್ಕಳು ಬಜ್ಜಿಗೆ ಮುಗಿಬಿದ್ದವು. ಎರಡನೇ ಬಟ್ಟಲನ್ನು ಕಾಕಾ ನನ್ನ ಕೈಗೆ ಕೊಟ್ಟ. ಅಣ್ಣ ನನ್ನ ಪಕ್ಕ ಬಂದು ಕೂತು, ಆ ದಡಕ್ಕೆ ಬುಡದಲ್ಲೇ ಒಂದು ಯಾಕೆ ಹಾಕಿದೆ ಎಂದು ಕೇಳಿದ. ಹೇಳಿದೆ. ಅವನು ತಲೆಯಾಡಿಸುತ್ತ ಕೇಳಿದ, ಅವನ ಮೇಲೆ ನನಗಿದ್ದ ಸಿಟ್ಟೆಲ್ಲ ಅಂಬಲಿಯ ಜೊತೆ ಇಳಿದುಹೋಯಿತು. ಅಪ್ಪ ಊಟ ಮುಗಿಸಿ ಕೈ ತೊಳೆದು, ನನಗೆ ಕೇಳುವಂತೆ ಅವ್ವನಿಗೆ ಹೇಳಿದರು.

"ಮಠಕ್ಕ ಏನೂ ಹೇಳಿ ಕಳಸೂದು ಬ್ಯಾಡ. ಗಾಡಿ ಛಲೋ ಅದ."

ಈಗ ನನ್ನ ಮಗನ ಕಾರು ತನ್ನ ಗೇರನ್ನು ತಾನೇ ಬದಲಿಸಿಕೊಳ್ಳುತ್ತದೆ. ಅದನ್ನು ನಡೆಸಲು ಕೂತಾಗ ನನ್ನ ಎಡಗೈಗೆ ಕೆಲಸವಿಲ್ಲದೆ ಬೇಸರವಾಗುತ್ತದೆ. ನಾನು ಉದಗೀರದವರೆಗೆ ಇವತ್ತಿಗೂ ನನ್ನ ಗೇರಿನ ಗಾಡಿಯಲ್ಲೇ ಹೋಗುತ್ತೇನೆ, ಕಿಟಕಿ ಇಳಿಸಿ, ಅದರ ದನಿ ಕೇಳುತ್ತ. ಎಷ್ಟೋ ರಸ್ತೆಗಳಲ್ಲಿ ಗಾಡಿ ನಡೆಸಿದ್ದೇನೆ. ಆ ದಿನದ ವಾಪಸಿನ ಹಾದಿಯಂಥದ್ದು ಇನ್ನೊಂದಿಲ್ಲ.

ಹೊತ್ತು ಇಳಿಯುವ ಮುಂಚೆ ಹೊರಟೆವು. ಹಳ್ಳದ ದಡವನ್ನು ಒಂದರಲ್ಲೇ ಇಳಿಸಿದೆ, ಬ್ರೇಕನ್ನು ಮುಟ್ಟುವ ಕೆಲಸ ಬರಲಿಲ್ಲ. ಹೊಲದ ಹಾದಿ ಮುಗಿದು ಮುಂದೆ ನಿಲಂಗಾ ರಸ್ತೆಯ ಡಾಂಬರು ಕಂಡಿತು. ಹಣ್ಣು ತುಂಬಿದ ಟೆಂಪೊ, ಕಬ್ಬಿನ ಟ್ರ್ಯಾಕ್ಟರ್, ಬಸ್ಸು, ಎಲ್ಲ ಸಾಗುತ್ತಿದ್ದವು. ಆಯಿಯ ಮಾತು ಮಾತೇ. ನಾನು ಮಣ್ಣು ಮುಗಿಯುವ ಕಡೆ ಗಾಡಿ ನಿಲ್ಲಿಸಿ, ನ್ಯೂಟ್ರಲಿಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಬಾಗಿಲು ತೆಗೆದೆ. ಅಪ್ಪನೂ ಹಿಂದಿನ ಬಾಗಿಲು ತೆಗೆದರು. ಆಯಿ ಇಬ್ಬರನ್ನೂ ನೋಡಿದಳು.

"ಯಾಕ ನಿಂದರಿಸಿದಿ?"

"ಡಾಂಬರ್ ಬಂತಲ್ರಿ ಆಯೀ."

ಆಯಿ ಖಾಲಿ ಬೋಗುಣಿಯನ್ನು ತೊಡೆಯ ಮೇಲೆ ಸರಿಯಾಗಿ ಕೂಡಿಸಿಕೊಂಡಳು. ಅಪ್ಪನ ಕಡೆ ಕೈ ಮಾಡಿ ಬಾಗಿಲು ಹಾಕಿಸಿದಳು.

"ಬಂದ್ರ ಏನಾತು? ಉಮರ್ಗಾಕ್ಕ ಹೊಲದಾಗ ಹಾದು ಹೋಗ್ತೀಯೇನ? ನಡಿ, ಹೊತ್ತಾಗ್ತದ."